ಸೊನ್ನೆಯಿದ್ದಲ್ಲಿ ಮೂರು

1969ರಲ್ಲಿ ದಿಲ್ಲಿಯಿಂದ ಹೊರಟ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಇಂಗ್ಲಿಷ್ ಮಾಸಿಕ. ನಮ್ಮೂರು ಬೋರಗಾಂವದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದರ ಲೇಖನಗಳು ಅರ್ಧಂಬರ್ಧ ತಿಳಿಯುತ್ತಿದ್ದವು. ಆದರೆ ಸರ್ಕ್ಯೂಟ್ ಚಿತ್ರಕ್ಕೆ ಭಾಷೆಯ ಹಂಗಿರಲಿಲ್ಲ. ಪಿಸಿಬಿ, ಅಂದರೆ ಸರ್ಕ್ಯೂಟ್ ಹಲಗೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಅಚ್ಚು ಹಾಕುತ್ತಿದ್ದರು. ಅಡಿಯಲ್ಲಿ ಕಾರ್ಬನ್ ಹಾಳೆ ಇಟ್ಟು ತಾಮ್ರದ ಹಲಗೆಯ ಮೇಲೆ ಗೀಚಬೇಕು, ಗೆರೆಗಳಿಗೆ ಎನಾಮೆಲ್ ಬಣ್ಣ ಬಳಿಯಬೇಕು, ಆಮೇಲೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಅಲುಗಾಡಿಸುತ್ತ ಕೂಡಬೇಕು. ಬಣ್ಣ ಬೀಳದ ಕಡೆ ತಾಮ್ರ ಕರಗಿ ಹೋಗುತ್ತದೆ. ಅಂಗಿಗೆ ಬಿದ್ದ ಹಳದಿ ಕಲೆ ಮಾತ್ರ ಅವ್ವ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಇಂಥ ಪತ್ರಿಕೆಗಳ ದೊಡ್ಡ ಗುಣ ಇಲ್ಲೇ ಇದೆ. 555 ಟೈಮರ್ ಐಸಿಯ ಮಿನುಗುದೀಪ ಕೆಲಸ ಮಾಡದಿದ್ದರೆ ಕಣ್ಣು, ಬೆರಳುಗಳಿಂದಲೇ ತಪ್ಪು ಹುಡುಕಬಹುದು. ಕೆಪಾಸಿಟರ್ ದೊಡ್ಡದು ಹಾಕಿದರೆ ದೀಪ ನಿಧಾನವಾಗುತ್ತದೆ. ಹಾಗೇಕೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಕಂಪ್ಯೂಟರ್ ಕಿಟ್ ಬಂದ ಮೇಲೆ ಬರೆಯುವವರು ಎಡವಿದರು. 1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮುಖಪುಟದಲ್ಲಿ ಆಲ್ಟೇರ್ 8800 ಮೆರೆಯಿತು: ಕಿಟ್ ಬೆಲೆ 397 ಡಾಲರ್, ಮೆಮೊರಿ 256 ಬೈಟ್. ಅಸಲಿ ಯಂತ್ರ ಸಾಗಣೆಯಲ್ಲಿ ಕಳೆದುಹೋಗಿ, ಫೋಟೊಗೆ ನಿಂತದ್ದು ಒಳಗೇನೂ ಇಲ್ಲದ ಪೆಟ್ಟಿಗೆ! ಆಮೇಲೆ ಬಂದ ಎಷ್ಟೋ ಕಿಟ್ ಲೇಖನಗಳೂ ನನಗೆ ಆ ಪೆಟ್ಟಿಗೆಯಂತೆಯೇ ಕಂಡಿವೆ.

ಗೆಳೆಯನೊಂದಿಗೆ ದುಡ್ಡು ಕೂಡಿಸಿ ಕೊಂಡ 8085 ಮೈಕ್ರೊಪ್ರೊಸೆಸರ್ ಕಿಟ್‌ನಲ್ಲಿ ಆರು ಕೆಂಪು ಅಂಕಿಗಳು, ಒಂದು ಕೀಪ್ಯಾಡ್. 3E 05 06 03 80 32 50 20 76 ಎಂದು ಒತ್ತಿ ಓಡಿಸಿದರೆ ಐದು ಮತ್ತು ಮೂರರ ಮೊತ್ತ 2050ನೆಯ ವಿಳಾಸದಲ್ಲಿ ಬಂದು ಕೂರುತ್ತದೆ. 20ಕ್ಕಿಂತ 50 ಮೊದಲೇಕೆ? ಲೇಖನ ಬಾಯಿ ಬಿಡುವುದಿಲ್ಲ. ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುತ್ತದೆ, ಮೊದಲಿಂದ ಒತ್ತಬೇಕು. ನಮ್ಮೂರ ಕರೆಂಟೋ, ಕೇಳಬೇಡಿ.

ಇದೇ ಸಾಲಿನಲ್ಲಿ ಒಂದು ಮಾಸಿಕ 80 ಇರಬೇಕಾದಲ್ಲಿ 83 ಅಚ್ಚು ಹಾಕಿತ್ತು. 80 ಎಂದರೆ ಬಿ ರಿಜಿಸ್ಟರ್‌ನಲ್ಲಿರುವುದನ್ನು ಕೂಡಿಸು, 83 ಎಂದರೆ ಇ ರಿಜಿಸ್ಟರ್‌ನಲ್ಲಿರುವುದನ್ನು. ಯಂತ್ರ ತಕರಾರು ಮಾಡದೆ ಏನೋ ಉತ್ತರ ಕೊಟ್ಟಿತು. ಪಿಸಿಬಿಯಲ್ಲಿ ತಪ್ಪಿದ ಗೆರೆ ಕಣ್ಣಿಗೆ ಬೀಳುತ್ತದೆ. ತಪ್ಪಿದ ಅಂಕಿ ಸರಿಯಾದ ಅಂಕಿಯಂತೆಯೇ ಕಾಣುತ್ತದೆ. ತಿದ್ದುಪಡಿ ಮುಂದಿನ ತಿಂಗಳು ಮೂಲೆಯಲ್ಲಿ ಬಂತು, ಕ್ಷಮೆಯಿಲ್ಲದೆ.

ಆ ಸಂಚಿಕೆಗಳು ಇನ್ನೂ ಅಟ್ಟದ ಮೇಲಿವೆ. 555ರ ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಲೆಕ್ಕ, ನನ್ನದೇ ಬದಲಾವಣೆಗಳು. ಅಂಕಿಗಳ ಪುಟದಲ್ಲಿ ಸಾಲಿಗೊಂದು ಟಿಕ್ ಅಷ್ಟೇ.