ಮೆಲುಪೆಟ್ಟಿಗೆ ಕಿವಿಗೊಡುವ ಪ್ಯಾಡ್

ಮನೆಯ ಸ್ಟುಡಿಯೋಗೆ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರೊಳಗೆ ಎಷ್ಟು ದನಿಗಳಿವೆ ಎಂದು. ಆ ಪ್ರಶ್ನೆ ಕೊನೆಗಿರಲಿ. ಸ್ನೇರ್ ದನಿ ಹಿಡಿಸದಿದ್ದರೆ ರೆಕಾರ್ಡ್ ಮಾಡಿದ ಮೇಲೂ ಬದಲಿಸಬಹುದು. ಆದರೆ ನುಡಿಸಿದ ಕೈ ಎಲ್ಲಿ ತಗ್ಗಿತು, ಎಲ್ಲಿ ಏರಿತು ಎಂಬುದನ್ನು ಪ್ಯಾಡ್ ಹಿಡಿಯದೆ ಬಿಟ್ಟರೆ ಆ ನುಡಿಸಾಣಿಕೆ ಹೋದಂತೆಯೇ. ಹಾಗಾಗಿ ಪ್ಯಾಡನ್ನು ಮೆಲುಪೆಟ್ಟಿನಿಂದ ಪರೀಕ್ಷಿಸಬೇಕು.

ಒಳಗೇನಿದೆ?

ಹೊದಿಕೆಯ ಕೆಳಗೆ ಪುಟ್ಟ ಪೀಜೋ ಬಿಲ್ಲೆ ಇರುತ್ತದೆ. ಅದುರಿದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಪ್ಯಾಡಿನ ದನಿಪೆಟ್ಟಿಗೆಯಾದ ಮಾಡ್ಯೂಲ್ ಅದನ್ನಳೆದು ಪೆಟ್ಟಿನ ಬಲವನ್ನು 1ರಿಂದ 127ರೊಳಗಿನ ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಸಂದೇಶ ಭಾಷೆ) ಅಂಕಿಯಾಗಿಸುತ್ತದೆ. ಇದೇ ವೆಲಾಸಿಟಿ. ಟ್ರಿಗರ್‌ನ ಕೆಲಸವೂ ಇಷ್ಟೇ, ಅದನ್ನು ಮಾಮೂಲಿ ಡ್ರಮ್ಮಿನ ಅಂಚಿಗೆ ಕಚ್ಚಿಸುತ್ತಾರೆ. ಮನೆಯಲ್ಲಿ ಡ್ರಮ್ ಸೆಟ್ ಇದ್ದವರು ಬಲೆಯಂಥ ಮೆಶ್ ಹೊದಿಕೆ ಬಿಗಿದು ಟ್ರಿಗರ್ ಹಾಕಿದರೆ ಅದೇ ಸೆಟ್ ಹೆಚ್ಚು ಸದ್ದಿಲ್ಲದೆ ಒದಗುತ್ತದೆ.

ಇಲ್ಲಿಗೆ ಬರಲು ಪ್ಯಾಡ್‌ಗೆ ಕಾಲ ಹಿಡಿಯಿತು. 1981ರ ಸಿಮನ್ಸ್ ಎಸ್‌ಡಿಎಸ್-5ರ ಆರು ಮೂಲೆಯ ಪ್ಯಾಡ್‌ಗಳು ಮಣಿಕಟ್ಟು ನೋಯುವಷ್ಟು ಗಟ್ಟಿಯಾಗಿದ್ದವು. 1985ರ ರೋಲ್ಯಾಂಡ್ ಆಕ್ಟಪ್ಯಾಡ್‌ನಲ್ಲಿ ಎಂಟು ಪ್ಯಾಡ್‌ಗಳಿದ್ದವು, ಸ್ವಂತ ದನಿ ಒಂದೂ ಇರಲಿಲ್ಲ. ಪೆಟ್ಟಿನ ಮಿಡಿ ಸಂದೇಶವನ್ನಷ್ಟೇ ಕಳಿಸುತ್ತಿತ್ತು. ನಮ್ಮ ಆರ್ಕೆಸ್ಟ್ರಾಗಳ ರಿದಂ ಪ್ಯಾಡ್ ಅದರ ವಂಶದ್ದೇ. ರೋಲ್ಯಾಂಡ್‌ನದೇ 1997ರ ವಿ-ಡ್ರಮ್ಸ್ ಮೆಶ್ ಹೊದಿಕೆ ತಂದಿತು. ಸ್ಟಿಕ್ ಪುಟಿಯುವುದು ಚರ್ಮಕ್ಕೆ ಹತ್ತಿರವಾಯಿತು, ಸದ್ದೂ ತಗ್ಗಿತು.

ಅಂಗಡಿಯಲ್ಲಿ

ಹೆಡ್‌ಫೋನ್ ಹಾಕಿಕೊಂಡು ಸಾದಾ ಸ್ನೇರ್ ದನಿ ಆರಿಸಿ. ಸ್ಟಿಕ್ ತನ್ನ ಭಾರಕ್ಕೆ ತಾನೇ ಬೀಳಲಿ, ಅಲ್ಲಿಂದ ನಿಧಾನವಾಗಿ ಬಲ ಏರಿಸಿ. ದನಿಯೂ ಹಂತಹಂತವಾಗಿ ಏರಬೇಕು. ಮೌನದಿಂದ ನೇರ ಅಬ್ಬರಕ್ಕೆ ಹಾರುವ ಪ್ಯಾಡ್ ಬೇಡ. ನಡುವಿನಿಂದ ಅಂಚಿನವರೆಗೆ ಒಂದೇ ಬಲದಲ್ಲಿ ಬಾರಿಸಿ. ಕೆಲವು ಪ್ಯಾಡ್‌ಗಳಲ್ಲಿ ಬಿಲ್ಲೆಯಿರುವ ನಡುಭಾಗವೊಂದೇ ಜೋರಾಗಿ ಕಿರುಚುತ್ತದೆ. ಒಂದು ಪ್ಯಾಡಿಗೆ ಬಿಗಿಯಾಗಿ ಹೊಡೆದು ಪಕ್ಕದ್ದು ದನಿಗೂಡಿಸುತ್ತದೆಯೇ ಕೇಳಿ, ಅದು ಕ್ರಾಸ್‌ಟಾಕ್. ಹೈ-ಹ್ಯಾಟ್ ಪೆಡಲನ್ನು ನಿಧಾನವಾಗಿ ತುಳಿಯಿರಿ. ತೆರೆದ ದನಿಗೂ ಮುಚ್ಚಿದ ದನಿಗೂ ನಡುವೆ ಅರೆತೆರೆದ ಛಾಯೆಗಳು ಕೇಳಿಸಬೇಕು. ತಬಲ, ಢೋಲಕ್ ನುಡಿಸುವವರು ಬೆರಳಿನಿಂದಲೇ ಪರೀಕ್ಷಿಸಿ. ಸ್ಟಿಕ್‌ಗೆಂದು ಮಾಡಿದ ರಬ್ಬರ್ ಬೆರಳಿನ ನಯಕ್ಕೆ ಓಗೊಡದಿರಬಹುದು.

ಮನೆಗೆ ತಂದ ಮೇಲೆ

ದನಿ ಹೊರಡಲು ಬೇಕಾದ ಕನಿಷ್ಠ ಬಲವೇ ಥ್ರೆಶೋಲ್ಡ್. ಅದನ್ನು ಏರಿಸಿದರೆ ಮೆಲುಪೆಟ್ಟು ಕಳೆದುಹೋಗುತ್ತದೆ, ತೀರಾ ಇಳಿಸಿದರೆ ಸ್ಟ್ಯಾಂಡ್ ಅದುರಿದರೂ ದನಿ ಬರುತ್ತದೆ. ಸುಳ್ಳು ದನಿ ನಿಲ್ಲುವಷ್ಟಕ್ಕೆ ಮಾತ್ರ ಏರಿಸಿ. ಬಳಿಕ ಕಂಪ್ಯೂಟರ್ ದನಿಯನ್ನು ಕೂಡಿಟ್ಟು ಕಳಿಸುವ ಬಫರ್ ನೋಡಿ: 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ ಸುಮಾರು 23 ಮಿಲಿಸೆಕೆಂಡ್ ತಡ, ಲಯ ಕೈತಪ್ಪಲು ಅಷ್ಟು ಸಾಕು. 128ಕ್ಕೆ ಇಳಿಸಿದರೆ ಅದು 3 ಮಿಲಿಸೆಕೆಂಡಿನೊಳಗೆ ಬರುತ್ತದೆ. ಮೆಶ್ ಎಷ್ಟೇ ಮೆತ್ತಗಿದ್ದರೂ ಕಿಕ್ ಪೆಡಲಿನ ಗುದ್ದು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ, ಅಡಿಗೆ ದಪ್ಪ ರಬ್ಬರ್ ಹಾಸಿ.

ಒಂದು ಸರಳ ತಾಳ ರೆಕಾರ್ಡ್ ಮಾಡಿ ವೆಲಾಸಿಟಿ ಅಂಕಿಗಳನ್ನು ತೆರೆದು ನೋಡಿ. ಜೋರಾಗಿಯೂ ಮೆಲ್ಲಗೂ ಬಾರಿಸಿದ್ದರೂ ಅಂಕಿಗಳೆಲ್ಲ 100ರಾಚೆ ಗುಂಪುಗೂಡಿದ್ದರೆ ಬಲವನ್ನು ಅಂಕಿಗೆ ಹೊಂದಿಸುವ ವೆಲಾಸಿಟಿ ಕರ್ವ್ ಬದಲಿಸಿ ಮತ್ತೆ ನುಡಿಸಿ.

ದುಡ್ಡು ಮಿತವಾಗಿದ್ದರೆ ಪ್ಯಾಡ್‌ಗಳ ಸಂಖ್ಯೆಯಲ್ಲಿ ಉಳಿಸಿ, ಸ್ನೇರ್‌ನಲ್ಲಿ ಉಳಿಸಬೇಡಿ. ಹಾಡಿನ ಮೆಲುಪೆಟ್ಟುಗಳು ಹೆಚ್ಚಾಗಿ ಬೀಳುವುದು ಸ್ನೇರ್ ಮೇಲೆ ಮತ್ತು ಹೈ-ಹ್ಯಾಟ್ ಮೇಲೆ. ಅವೆರಡು ಒಳ್ಳೆಯವಿದ್ದರೆ ಟಾಮ್‌ಗಳನ್ನು ಮುಂದೆ ಒಂದೊಂದಾಗಿ ಸೇರಿಸಿಕೊಳ್ಳಬಹುದು.