ಬಂದೂಕು ಕಾಣುತ್ತೆ, ಬ್ಯಾಟರಿ ಕಾಣಲ್ಲ

ಎಲ್‌ಟಿಟಿಇ ಬಗ್ಗೆ ನಮ್ಮಲ್ಲಿ ಬಂದಿರೋ ಸಿನಿಮಾ, ಸೀರೀಸ್‌ಗಳಲ್ಲಿ ಕಾಡು ಕಂಡಿತು ಅಂದ್ರೆ ಹಿಂದೆಯೇ ಎಕೆ-47 ಬರುತ್ತೆ. ಹುಲಿಪಟ್ಟೆಯ ಯೂನಿಫಾರ್ಮು, ಹೆಗಲಿಗೆ ಬಂದೂಕು, ಹಿನ್ನೆಲೆಯಲ್ಲಿ ಗುಡುಗುವ ಮ್ಯೂಸಿಕ್ಕು. 2013ರ 'ಮದ್ರಾಸ್ ಕೆಫೆ'ಯಲ್ಲಿ ನಿರ್ದೇಶಕ ಶೂಜಿತ್ ಸರ್ಕಾರ್ ಗುಂಪಿನ ಹೆಸರನ್ನು ಎಲ್‌ಟಿಎಫ್ ಅಂತ ಬದಲಿಸಿದರು, ಬಂದೂಕಿನ ಮೇಲಿನ ಮೋಹವನ್ನು ಬದಲಿಸಲಿಲ್ಲ. ಸಿನಿಮಾ ಕೆಟ್ಟದ್ದೇನಲ್ಲ. ಆದರೆ ನೋಡಿ ಮುಗಿಸಿದ ಮೇಲೆ ಈ ಗುಂಪು ನಿಜಕ್ಕೂ ಯಾವುದರಿಂದ ಯುದ್ಧ ಮಾಡಿತು ಅಂತ ಕೇಳಿದರೆ ಉತ್ತರ ಸಿಗಲ್ಲ.

ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲೋದು ನಮ್ಮ ಕನ್ನಡದ್ದೇ ಒಂದು ಸಿನಿಮಾ, ಎ.ಎಂ.ಆರ್. ರಮೇಶ್ ಅವರ 'ಸಯನೈಡ್' (2006). ರಾಜೀವ್ ಗಾಂಧಿ ಹತ್ಯೆಯ ನಂತರ ಶಿವರಾಸನ್ ಮತ್ತವನ ಗುಂಪು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿಕೊಂಡ ಕೊನೆಯ ದಿನಗಳ ಕತೆ. ನೀವು ಇವತ್ತು ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ಆ ಕಾಲದ ಊರಿನ ಅಂಚು ಊಹೆಗೂ ಸಿಗಲ್ಲ, ಅದಿರಲಿ. ರಮೇಶ್ ಮಾಡಿದ ಒಳ್ಳೆ ಕೆಲಸ ಅಂದ್ರೆ, ಕ್ಯಾಮೆರಾವನ್ನು ಕಾಡಿಗೆ ಒಯ್ಯದೆ ಮನೆಯೊಳಗೆ ಕೂರಿಸಿದ್ದು. ಬಾಗಿಲು ಯಾರು ತಟ್ಟುತ್ತಾರೆ, ಪಕ್ಕದ ಮನೆಯವರು ಏನು ಕೇಳುತ್ತಾರೆ ಅನ್ನೋ ಭಯದಲ್ಲೇ ಸಿನಿಮಾ ನಡೆಯುತ್ತೆ. ರವಿ ಕಾಳೆಯ ಶಿವರಾಸನ್ ಕೂಗಾಡದೆಯೇ ಹೆದರಿಸುತ್ತಾನೆ. ಆ ಮನೆಯ ಹೆಂಗಸಾಗಿ ತಾರಾ ಅವರ ಮುಖದ ಮೇಲೆ ನಮ್ಮ ಮಧ್ಯಮವರ್ಗದ ಅಷ್ಟೂ ಪುಕ್ಕಲುತನ ಇದೆ. ಹೆಸರನ್ನೂ ಬಂದೂಕಿಗೆ ಕೊಡಲಿಲ್ಲ, ಕತ್ತಿನ ಸೀಸೆಗೆ ಕೊಟ್ಟರು. ತಮಿಳಿನಲ್ಲಿ ಇದೇ ಸಿನಿಮಾ 'ಕುಪ್ಪಿ' ಅಂತ ಬಂತು. ಕುಪ್ಪಿ ಅಂದ್ರೆ ಅದೇ ಸೀಸೆ.

ಆ ಸೀಸೆಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕಂದ್ರೆ ಜಗತ್ತಿನಲ್ಲಿ ಇಂಥ ಆಯುಧ ಕಡಿಮೆ. ಇದರ ಗುರಿ ಶತ್ರು ಅಲ್ಲ, ಇಟ್ಟುಕೊಂಡವನೇ. ಸಿಕ್ಕಿಬಿದ್ದರೆ ಬಾಯಿ ಬಿಡಬಾರದು, ಅಷ್ಟೇ ಅದರ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲ್ಯಾಪ್‌ಟಾಪ್ ಕಳುವಾದರೆ ದೂರದಿಂದಲೇ ಡೇಟಾ ಅಳಿಸೋ ವ್ಯವಸ್ಥೆ ಇರುತ್ತಲ್ಲ, ಅದನ್ನು ಹದಿನೇಳು ಹದಿನೆಂಟರ ಹುಡುಗ ಹುಡುಗಿಯರ ಕತ್ತಿಗೆ ದಾರದಲ್ಲಿ ಕಟ್ಟಿದ ಹಾಗೆ. 1987ರ ಅಕ್ಟೋಬರ್‌ನಲ್ಲಿ ಲಂಕಾ ನೌಕಾಪಡೆ ಕುಮರಪ್ಪ, ಪುಲೇಂದಿರನ್ ಸೇರಿ ಹದಿನೇಳು ಜನರನ್ನು ಹಿಡಿಯಿತು. ಕೊಲಂಬೊಗೆ ಒಯ್ಯುತ್ತಾರೆ ಅಂತಾದಾಗ ಎಲ್ಲರೂ ಸಯನೈಡ್ ಕಚ್ಚಿದರು, ಹನ್ನೆರಡು ಜನ ಸತ್ತರು. ಮುಂದಿನ ಕೆಲವೇ ದಿನಗಳಲ್ಲಿ ನಮ್ಮ ಶಾಂತಿಪಾಲನಾ ಪಡೆ ಮತ್ತು ಎಲ್‌ಟಿಟಿಇ ನಡುವೆ ಯುದ್ಧವೇ ಶುರುವಾಯಿತು. ಅಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕಿಡಿ ತಾಗಿದ್ದು ಆ ಸೀಸೆಗಳಿಂದ.

1991ರ ಆಗಸ್ಟ್‌ನಲ್ಲಿ ಅದೇ ಸೀಸೆ ಕರ್ನಾಟಕಕ್ಕೆ ಬಂತು. ಕೋಣನಕುಂಟೆಗೂ ಮುಂಚೆ ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಅಡಗಿದ್ದ ಹುಡುಗರು ಪೊಲೀಸರು ಬಂದಾಗ ಅದನ್ನೇ ಕಚ್ಚಿದರು. ನಾವು ಮುತ್ತತ್ತಿರಾಯನಿಗೆ ಹರಕೆ ತೀರಿಸೋಕೆ, ಕಾವೇರಿಯಲ್ಲಿ ಮುಳುಗು ಹಾಕೋಕೆ ಹೋಗೋ ಜಾಗ ಅದು! ಕೋಣನಕುಂಟೆಯ ಮನೆಯನ್ನು ಸುತ್ತುವರಿದ ಮೇಲೂ ಕಮಾಂಡೋಗಳಿಗೆ ಕಾದು ಕಾದು ಹೊತ್ತು ಹೋಯಿತು. 20ನೇ ತಾರೀಖು ಬೆಳಿಗ್ಗೆ ಒಳಗೆ ನುಗ್ಗಿದಾಗ ಏಳು ಹೆಣ. ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ವಿಚಾರಣೆಗೆ ಯಾರೂ ಉಳಿಯಲಿಲ್ಲ. ಅಂದ್ರೆ ಆಯುಧ ಕೆಲಸ ಮಾಡಿತು.

ಇಷ್ಟರ ಮಟ್ಟಿಗೆ 'ಸಯನೈಡ್' ಸರಿಯಾದ ವಸ್ತುವನ್ನೇ ಹಿಡಿದಿದೆ. ನನ್ನ ತಕರಾರು ಇರೋದು ಅದು ಅಲ್ಲಿಗೇ ನಿಂತಿತಲ್ಲ ಅನ್ನೋದು. ಈ ಗುಂಪಿನ ಶಸ್ತ್ರಾಗಾರದಲ್ಲಿ ಸೀಸೆ ಒಂದೇ ಅಲ್ಲ, ಅರ್ಧಕ್ಕರ್ಧ ಇಂಥ ಮಾಮೂಲಿ ಸಾಮಾನೇ. ಕೋಣನಕುಂಟೆ ಘಟನೆಗೆ ಬರೀ ಒಂದು ತಿಂಗಳ ಮುಂಚೆ, ಆನೆಯಿರವು ಅನ್ನೋ ಜಾಗದ ಲಂಕಾ ಸೇನಾ ಶಿಬಿರದ ಮೇಲೆ ಇವರು ನುಗ್ಗಿಸಿದ್ದು ಟ್ಯಾಂಕ್ ಅಲ್ಲ, ಬುಲ್‌ಡೋಜರ್. ಮಣ್ಣು ತಳ್ಳೋ ಯಂತ್ರಕ್ಕೆ ಸುತ್ತ ದಪ್ಪ ಉಕ್ಕಿನ ಹಲಗೆ ಹೊಡೆದಿದ್ದರು. ಗಾಮಿನಿ ಕುಲರತ್ನೆ ಅನ್ನೋ ಲಂಕಾ ಸಿಪಾಯಿ ಗ್ರೆನೇಡ್ ಹಿಡಿದು ಅದರ ಮೇಲೆ ಹತ್ತಿ, ಅದನ್ನು ನಿಲ್ಲಿಸಿ ತಾನೂ ಸತ್ತ. ನಮ್ಮೂರಲ್ಲಿ ಕೆರೆ ಹೂಳೆತ್ತೋಕೆ ಬರೋ ಯಂತ್ರವನ್ನು ನೋಡುತ್ತಾ ಬೆಳೆದ ನನಗೆ ಆ ದೃಶ್ಯ ಯಾವ ಎಕೆ-47ಕ್ಕಿಂತ ಭಯ ಹುಟ್ಟಿಸುತ್ತೆ. ಅವರ ಜಾನಿ ಅನ್ನೋ ನೆಲಬಾಂಬು ಮರದ ಪೆಟ್ಟಿಗೆಯಲ್ಲಿರುತ್ತಿತ್ತು. ಲೋಹ ಕಡಿಮೆ ಇದ್ದಷ್ಟೂ ಡಿಟೆಕ್ಟರ್‌ಗೆ ಸಿಗೋದು ಕಷ್ಟ. 2007ರಲ್ಲಿ ಕಟುನಾಯಕೆ ವಾಯುನೆಲೆಯ ಮೇಲೆ ಬಾಂಬು ಹಾಕಿದ್ದು ಫೈಟರ್ ಜೆಟ್ ಅಲ್ಲ, ಜ್ಲಿನ್ 143 ಅನ್ನೋ ನಾಲ್ಕು ಸೀಟಿನ ಜೆಕ್ ವಿಮಾನ. ಹಾರೋದು ಕಲಿಯೋಕೆ ಬಳಸುವಂಥದ್ದು. 'ಫ್ಯಾಮಿಲಿ ಮ್ಯಾನ್' ಎರಡನೇ ಸೀಸನ್ನಿನ ಕೊನೆಯ ಸಣ್ಣ ವಿಮಾನ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ಆ ಸೀರೀಸು ಇಂಥ ಒಂದು ಐಡಿಯಾ ಹಿಡಿದು, ಆಮೇಲೆ ಅದನ್ನು ಮಾಮೂಲಿ ಚೇಸ್ ಮಾಡಿ ಕೈ ತೊಳೆದುಕೊಂಡಿತು.

ಇನ್ನೊಂದು ಘಟನೆ ಯಾವ ಸ್ಕ್ರಿಪ್ಟ್ ರೈಟರ್ ಕಣ್ಣಿಗೂ ಹೇಗೆ ಬೀಳಲಿಲ್ಲವೋ. 1986ರ ನವೆಂಬರ್‌ನಲ್ಲಿ ತಮಿಳುನಾಡು ಪೊಲೀಸರು ಮದ್ರಾಸಿನಲ್ಲಿ ಈ ಗುಂಪಿನ ವೈರ್‌ಲೆಸ್ ಸೆಟ್ಟುಗಳನ್ನು ಕಿತ್ತುಕೊಂಡಾಗ ಪ್ರಭಾಕರನ್ ಉಪವಾಸ ಕೂತ. ಗಾಂಧಿ ಥರ! ಸೆಟ್ಟು ವಾಪಸ್ ಸಿಕ್ಕಿತು. ನೆಟ್‌ವರ್ಕ್ ಇಲ್ಲದ ಸೈನ್ಯ ಸೈನ್ಯವೇ ಅಲ್ಲ ಅಂತ ಅವನಿಗೆ ನಮ್ಮ ಎಷ್ಟೋ ಮ್ಯಾನೇಜರುಗಳಿಗಿಂತ ಮೊದಲೇ ಗೊತ್ತಿತ್ತು.

ಸಾಮಾನು ಮಾಮೂಲಿಯಾದಷ್ಟೂ ಅಪರಾಧಿ ಯಾರು ಅನ್ನೋದು ಕಷ್ಟ ಆಗುತ್ತೆ. ಎಕೆ-47 ಕೊಂಡವನಿಗೆ ಅದು ಯಾತಕ್ಕೆ ಅಂತ ಗೊತ್ತಿರುತ್ತೆ. ಬ್ಯಾಟರಿ ಕೊಂಡವನಿಗೆ?

1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಸಿಡಿದದ್ದು ಡೆನಿಮ್ ಬಟ್ಟೆಯೊಳಗೆ ಹೊಲಿದ ಬಾಂಬು. ಆರ್‌ಡಿಎಕ್ಸ್, ಅದರ ತುಂಬಾ ಸಣ್ಣ ಉಕ್ಕಿನ ಗುಂಡು, ಒಂಬತ್ತು ವೋಲ್ಟಿನ ಬ್ಯಾಟರಿ. ಚೂರುಗಳನ್ನು ಆಯ್ದು ಇದನ್ನು ಮತ್ತೆ ಜೋಡಿಸಿ ತೋರಿಸಿದವರು ವಿಧಿವಿಜ್ಞಾನಿ ಪಿ. ಚಂದ್ರಶೇಖರನ್. ಅಲ್ಲಿಯವರೆಗೆ ಎಲ್ಲ ಸರಿ. ಎರಡು ಬ್ಯಾಟರಿ ಕೊಂಡು ಶಿವರಾಸನ್‌ಗೆ ಕೊಟ್ಟ ಅಂತ ಪೇರರಿವಾಳನ್‌ನನ್ನು ಹಿಡಿದರು. ವಯಸ್ಸು ಹತ್ತೊಂಬತ್ತು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ನಮ್ಮ ಹಾಸ್ಟೆಲ್ಲಿನಲ್ಲಿ ಆ ಚೌಕದ ಬ್ಯಾಟರಿ ಪ್ರತಿ ರೂಮಿನಲ್ಲೂ ಇತ್ತು. ಕೊಂಡದ್ದು ಅಪರಾಧವಲ್ಲ. ಯಾತಕ್ಕೆ ಅಂತ ಗೊತ್ತಿದ್ದು ಕೊಂಡರೆ ಅಪರಾಧ. ಆ 'ಗೊತ್ತಿತ್ತು' ಬಂದದ್ದು ಟಾಡಾ ಕಾಯ್ದೆಯಡಿ ಪೊಲೀಸ್ ಅಧಿಕಾರಿಯೇ ಬರೆದುಕೊಂಡ ತಪ್ಪೊಪ್ಪಿಗೆಯಿಂದ. 1999ರಲ್ಲಿ ಸುಪ್ರೀಂ ಕೋರ್ಟು ಇದು ಟಾಡಾ ಪ್ರಕಾರದ ಭಯೋತ್ಪಾದನೆ ಅಲ್ಲ ಅಂದಿತು. ಅದೇ ಟಾಡಾದಡಿ ಪಡೆದ ತಪ್ಪೊಪ್ಪಿಗೆ ಮಾತ್ರ ನಡೆಯುತ್ತೆ ಅಂದಿತು. ಗಲ್ಲು ಖಾಯಂ ಆಯಿತು. 2013ರಲ್ಲಿ, ಹೇಳಿಕೆ ಬರೆದುಕೊಂಡಿದ್ದ ನಿವೃತ್ತ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ ಒಂದು ಸಾಕ್ಷ್ಯಚಿತ್ರದಲ್ಲಿ ಬಾಯಿಬಿಟ್ಟರು. ಬ್ಯಾಟರಿ ಯಾತಕ್ಕೆ ಅಂತ ಗೊತ್ತಿರಲಿಲ್ಲ ಅಂತ ಆ ಹುಡುಗ ಹೇಳಿದ್ದ, ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ ಅಂತ.

ಒಂದು ವಾಕ್ಯ ಬಿಟ್ಟುಹೋಯಿತು. ಕೋಡಿನಲ್ಲಿ ಒಂದು 'ಇಲ್ಲ' ಅಳಿಸಿಹೋದರೆ ಪ್ರೋಗ್ರಾಮ್ ಉಲ್ಟಾ ಓಡುತ್ತೆ. ನಾವು ರಾತ್ರಿ ಎದ್ದು ಕೂತು ಸರಿಮಾಡಿ ಬೆಳಿಗ್ಗೆ ಕಾಫಿ ಕುಡಿಯುತ್ತೀವಿ.

ಅವತ್ತು ಸತ್ತವರ ಮನೆಯವರಿಗೆ ಈ ಬ್ಯಾಟರಿಯ ಲೆಕ್ಕ ಬೇರೆಯೇ ಕಾಣಬಹುದು, ಅದು ಸಹಜ. ತ್ಯಾಗರಾಜನ್ ಹೇಳಿದ ಮೇಲೂ ಕೋರ್ಟು ಪೇರರಿವಾಳನ್‌ನನ್ನು ನಿರ್ದೋಷಿ ಅಂದಿಲ್ಲ. 2014ರಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು, 2022ರ ಮೇ 18ರಂದು ಬಿಡುಗಡೆ ಮಾಡಿತು, ಅಷ್ಟೇ. ಆದರೆ ಕತೆ ಹೇಳೋರಿಗೆ ಇಷ್ಟು ಗೊಂದಲ ಸಿಕ್ಕರೆ ಹಬ್ಬ ಆಗಬೇಕಿತ್ತು. ರಮೇಶ್ ಮೇಲೆ ನಾನು ಪೂರ್ತಿ ಹೊರೆ ಹೊರಿಸಲ್ಲ. 'ಸಯನೈಡ್' ಬಂದಾಗ ಆ ಅಧಿಕಾರಿ ಬಾಯಿ ಬಿಟ್ಟಿರಲಿಲ್ಲ. 'ಮದ್ರಾಸ್ ಕೆಫೆ'ಯೂ ಕೆಲವೇ ತಿಂಗಳು ಮುಂಚಿನದು, ಬಿಡಿ. 2021ರ 'ಫ್ಯಾಮಿಲಿ ಮ್ಯಾನ್' ತಂಡಕ್ಕೆ ಆ ವಿನಾಯಿತಿ ಇಲ್ಲ. ಅಷ್ಟೊತ್ತಿಗೆ ಎಲ್ಲ ಪೇಪರಿನಲ್ಲಿ ಬಂದಾಗಿತ್ತು, ಅವರು ವಿಮಾನ ನೋಡಿದರು, ಬ್ಯಾಟರಿ ನೋಡಲಿಲ್ಲ.

ಆದರೂ 'ಸಯನೈಡ್' ಇನ್ನೊಮ್ಮೆ ನೋಡುವಾಗ ಒಂದು ವಿಷಯ ಬಿಡದೆ ಕಾಡುತ್ತೆ. ಆ ಮನೆಯಲ್ಲಿ ಭಯದಿಂದ ಅಡುಗೆ ಮಾಡಿ ಬಡಿಸೋ ಹೆಂಗಸಿನ ಮುಖಕ್ಕೆ ಸಿನಿಮಾ ಅಷ್ಟು ಹೊತ್ತು ಕೊಡುತ್ತೆ. ಅವಳಿಗೆ ಎಷ್ಟು ಗೊತ್ತಿತ್ತು, ಯಾವಾಗ ಗೊತ್ತಾಯಿತು ಅಂತ ತಾಳ್ಮೆಯಿಂದ ಕೇಳುತ್ತೆ. ಪ್ರಶ್ನೆ ಅದೇ. ಸಿನಿಮಾ ಥಿಯೇಟರಿನಲ್ಲಿ ಓಡುತ್ತಿದ್ದಾಗ ಬ್ಯಾಟರಿ ಕೊಂಡವನು ವೆಲ್ಲೂರಿನ ಜೈಲಿನಲ್ಲಿ ಗಲ್ಲಿಗೆ ಕಾಯುತ್ತಾ ಕೂತಿದ್ದ. ಅವನನ್ನು ಅದು ಕೇಳಲಿಲ್ಲ.