ಸಂಕೋಲೆ, ತಕ್ಕಡಿ, ಮುಚ್ಚಳಿಕೆ: ಮಾದಕವಸ್ತು ಕಾನೂನಿನ ಒಂದು ಓದು

ಪ್ರತಿಯೊಂದು ಕಾನೂನಿನೊಳಗೂ ಮನುಷ್ಯನ ಕುರಿತ ಒಂದು ಕಲ್ಪನೆ ಅಡಗಿರುತ್ತದೆ. ಅದನ್ನು ಹೊರತೆಗೆದು ಪರೀಕ್ಷಿಸುವುದು ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊರಗಿನ ಕೆಲಸವೆಂದು ನಾವು ಭಾವಿಸುವುದಿಲ್ಲ. ನಮ್ಮ ದೇಶದ 1985ರ ಮಾದಕವಸ್ತು ಕಾನೂನನ್ನು ಇಲ್ಲಿ ಆ ದೃಷ್ಟಿಯಿಂದ ಓದಲು ಹೊರಟಿದ್ದೇವೆ. ಸಾಗಣೆ, ವ್ಯಾಪಾರಗಳ ವಿಚಾರವನ್ನು ಬದಿಗಿರಿಸುತ್ತೇವೆ. ಸೇವಿಸುವವನನ್ನು ಅದು ಹೇಗೆ ಕಾಣುತ್ತದೆಂಬುದಷ್ಟೇ ನಮ್ಮ ಪ್ರಶ್ನೆ.

27ನೆಯ ಕಲಮು ಸೇವನೆಯನ್ನೇ ಅಪರಾಧವೆನ್ನುತ್ತದೆ. ಹೆರಾಯಿನ್, ಕೊಕೇನ್, ಮಾರ್ಫಿನ್ ಸೇವನೆಗೆ ಒಂದು ವರ್ಷದವರೆಗಿನ ಕಠಿಣ ಸಜೆ, ಇಲ್ಲವೆ 20,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಆದರೆ ಅದೇ ಕಾನೂನಿನಲ್ಲಿ ಬೇರೆ ದನಿಯ ಎರಡು ಕಲಮುಗಳಿವೆ. 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಳಗಾದರೆ ಅವನ ಮೇಲೆ ಮೊಕದ್ದಮೆ ನಡೆಯಲಾಗದು. 39ನೆಯದು, ತಪ್ಪಿತಸ್ಥನೆಂದು ತೀರ್ಮಾನವಾದ ಬಳಿಕವೂ, ಅವನ ಒಪ್ಪಿಗೆ ಪಡೆದು, ಶಿಕ್ಷೆಗೆ ಬದಲಾಗಿ ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಕಠಿಣ ಗ್ರಂಥವೊಂದರಲ್ಲಿ ಕರುಣೆಯ ಎರಡು ಕಿಟಕಿಗಳಿವು.

ಆದರೂ ಕಿಟಕಿಯ ಬಳಿಗೆ ತಲುಪುವ ಮುನ್ನ ವ್ಯಸನಿಯು ತಕ್ಕಡಿಯನ್ನು ದಾಟಬೇಕು. ಹೆರಾಯಿನ್ 5 ಗ್ರಾಂವರೆಗೆ ಅಲ್ಪ ಪ್ರಮಾಣ. 250 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. 2020ರಲ್ಲಿ ಸುಪ್ರೀಂ ಕೋರ್ಟು ಹೀರಾ ಸಿಂಗ್ ಪ್ರಕರಣದಲ್ಲಿ, ಶುದ್ಧ ಮಾದಕಾಂಶವನ್ನಷ್ಟೇ ತೂಗದೆ, ಬೆರಕೆಯ ಪುಡಿಯನ್ನೂ ಸೇರಿಸಿ ಇಡೀ ಮಿಶ್ರಣವನ್ನು ಲೆಕ್ಕಕ್ಕೆ ಹಿಡಿಯಬೇಕೆಂದಿತು. ಮಾರಾಟಗಾರರು ಬೆರಕೆಯ ನೆಪದಲ್ಲಿ ನುಣುಚಿಕೊಳ್ಳಬಾರದೆಂಬ ಕಾಳಜಿ ಅರ್ಥವಾಗುವಂಥದು. ಆದರೆ ಕಳಪೆ ಮಾಲನ್ನು ಕೊಳ್ಳುವವನು ಯಾರು? ಬಡ ವ್ಯಸನಿ. ಅವನ ಪೊಟ್ಟಣದಲ್ಲಿ ವಿಷ ಕಡಮೆ, ಪುಡಿ ಹೆಚ್ಚು. ತೂಕ ಮಾತ್ರ ಪೂರ್ತಿ ಅವನ ಹೆಸರಿಗೆ. ಆ ತೂಕ 5 ಗ್ರಾಂ ಮೀರಿತೆಂದರೆ ಅವನ ಪಾಲಿಗೆ ಎರಡು ಕಿಟಕಿಗಳೂ ಮುಚ್ಚಿಹೋಗಬಹುದು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿ ತೆರೆದಿಡೋಣ. (ವ್ಯಸನವನ್ನು ದೆವ್ವವೆನ್ನುವ ಉಪದೇಶಗಳು ನಮ್ಮಲ್ಲಿ ಸಾಕಷ್ಟಿವೆ, ಅವುಗಳಿಗೆ ಇನ್ನೊಂದನ್ನು ಸೇರಿಸುವ ಇಚ್ಛೆ ನಮಗಿಲ್ಲ. ನಾವು ನೋಡುತ್ತಿರುವುದು ಊರಿನವರ ವರ್ತನೆಯನ್ನು.) ಗೆರಸೇನರು ಆ ಮನುಷ್ಯನನ್ನು ಹಲವು ಸಾರಿ ಸಂಕೋಲೆಯಿಂದ ಕಟ್ಟಿದ್ದರು, ಅವನು ಹಲವು ಸಾರಿ ಮುರಿದಿದ್ದನು. ಯಾರೂ ಆ ಉಪಾಯವನ್ನು ಬಿಡಲಿಲ್ಲ. ಯೇಸು ಅವನ ಹೆಸರು ಕೇಳುತ್ತಾನೆ. ನಮ್ಮ ಕಾನೂನು ಗ್ರಾಂ ಎಷ್ಟೆಂದು ಕೇಳುತ್ತದೆ.

ಹಂದಿಗಳನ್ನು ಕಳೆದುಕೊಂಡವರ ನಷ್ಟವೂ ಆ ಕಥೆಯಲ್ಲಿದೆ. ಮಗನು ಚಟಕ್ಕಾಗಿ ತಾಯಿಯ ಸರ ಕದ್ದಾಗ ಅವಳಿಗಾದ ಗಾಯ ನಿಜವಾದದ್ದು. ಅದನ್ನು ರೋಗವೆಂಬ ಮಾತಿನಲ್ಲಿ ಮುಚ್ಚುವುದು ಕೃಪೆಯಲ್ಲ. ವಿಚಿತ್ರವೆಂದರೆ 39ನೆಯ ಕಲಮು ಅಂಥ ಕಳವಿಗೆ ಅನ್ವಯಿಸುವುದೇ ಇಲ್ಲ. ಚಿಕಿತ್ಸೆಯ ಜೊತೆಗೆ ನಷ್ಟ ಭರ್ತಿಯನ್ನೂ ಬೆಸೆಯಬಹುದಾಗಿದ್ದ ಸ್ಥಳದಲ್ಲಿಯೇ ಈ ಕಾನೂನು ಸುಮ್ಮನಾಗುತ್ತದೆ.

ಇನ್ನೊಂದು ಕೊರತೆ ಮರುಜಾರುವಿಕೆಯ ಕುರಿತದ್ದು. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ 64ಎ ಕಲಮಿನ ರಕ್ಷಣೆಯನ್ನು ಹಿಂತೆಗೆಯಬಹುದು. 39ರ ಅಡಿಯಲ್ಲಿಯಾದರೆ, ಚಿಕಿತ್ಸೆಯ ವರದಿ ಬಂದ ಮೇಲೆ, ಮೂರು ವರ್ಷಗಳವರೆಗೆ ಇಂಥ ಅಪರಾಧದಿಂದ ದೂರವಿರುವೆನೆಂಬ ಮುಚ್ಚಳಿಕೆ ಬರೆದುಕೊಡಬೇಕು. ತಪ್ಪಿದರೆ ಶಿಕ್ಷೆ ಕಾದಿರುತ್ತದೆ. ಚೇತರಿಸಿಕೊಳ್ಳುವವರು ಒಮ್ಮೆಯಾದರೂ ಜಾರುವುದು ಸಾಮಾನ್ಯವೆಂದು ವೈದ್ಯರು ಬಲ್ಲರು. ಎಷ್ಟು ಸಾರಿ ಕ್ಷಮಿಸಬೇಕೆಂದು ಲೆಕ್ಕ ಕೇಳಿದ ಪೇತ್ರನಿಗೆ ದೊರೆತ ಉತ್ತರವನ್ನು ನಾವೂ ಬಲ್ಲೆವು. ನ್ಯಾಯಾಲಯವು ಸಭೆಯಂತೆ ಕ್ಷಮಿಸಲಾರದು, ನಿಜ. ಆದರೂ ಜಾರಿದವನನ್ನು ಸೆರೆಮನೆಗೆ ಕಳುಹಿಸುವ ಮೊದಲು ಮತ್ತೆ ಆಸ್ಪತ್ರೆಗೆ ಕಳುಹಿಸುವಂತೆ ಕಾನೂನೇ ಸ್ಪಷ್ಟವಾಗಿ ಹೇಳಬಹುದಿತ್ತು.

ನಮ್ಮ ಸಭೆಗಳಿಗೆ ಸಂಬಂಧಿಸಿದ ಮಾತು ಇದೇ 39ನೆಯ ಕಲಮಿನಲ್ಲಿ ಸಣ್ಣದಾಗಿ ಕುಳಿತಿದೆ: ಚಿಕಿತ್ಸೆಗೆ ಹೊರಡುವವನ ಮುಚ್ಚಳಿಕೆಗೆ ನ್ಯಾಯಾಲಯವು ಜಾಮೀನುದಾರರನ್ನು ಕೇಳಬಹುದು. ವ್ಯಸನಮುಕ್ತಿ ಶಿಬಿರಕ್ಕೆ ಕಾಣಿಕೆ ಎತ್ತುವ ಸಭೆಗಳನ್ನು ನಾವು ಕಂಡಿದ್ದೇವೆ. ಸೇವಕನಿಗಾಗಿ ಸಹಿ ಹಾಕಲು ಕೋರ್ಟಿಗೆ ಹೋದ ಹಿರಿಯರನ್ನು ಕಂಡದ್ದು ವಿರಳ; ಮನೆಯವರೇ ಕೈಬಿಟ್ಟ ವ್ಯಸನಿಗೆ ಇನ್ನಾರು ಬರುವರು? ಹೊಣೆಗೆ ನಿಲ್ಲುವವನನ್ನು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ, ಆ ಎಚ್ಚರಿಕೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒನೇಸಿಮನ ಬಾಕಿಯನ್ನು ತನ್ನ ಲೆಕ್ಕಕ್ಕೆ ಹಾಕೆಂದು ಫಿಲೆಮೋನನಿಗೆ ಬರೆದ ಪೌಲನು ಆಗ ತಾನೇ ಸೆರೆಯಲ್ಲಿದ್ದನು.